ಓಡಾಡೋರ ಪಟ್ಟಿ

ಬೆಳಗಿನ ಆರೂವರೆ. ಖಾಲಿ ಮದುವೆ ಹಾಲಿನ ವೇದಿಕೆಯ ಮೇಲೆ, ಮದುಮಗಳ ಕುರ್ಚಿಯಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಹೆಗಲಿಗೆ ಕೆಂಪು ಬಟ್ಟೆ ಹೊದ್ದು ಕೂತಿದ್ದಾರೆ. ಎದುರಿಗೆ ಅವರ ಗಂಡ ಮೊಣಕಾಲೂರಿ, ಕ್ಯಾಮೆರಾ ಕಣ್ಣಿಗಿಟ್ಟು, "ಗದ್ದ ಇಳಿಸು. ಒಂದ್ನಿಮಿಷ" ಅನ್ನುತ್ತಾರೆ.

"ಇವರ ಒಂದ್ನಿಮಿಷದಲ್ಲಿ ಇಪ್ಪತ್ತೆಂಟು ವರ್ಷ ಹೋಯ್ತು," ಎಂದು ಹೆಂಡತಿ ನನ್ನ ಕಡೆ ತಿರುಗುತ್ತಾರೆ. "ಒಂಬೈನೂರು ಸಲ ಮದುಮಗಳಾಗಿದೀನಿ. ಒಂದ್ಸಲಾನೂ ಗಂಡು ಬಂದು ಪಕ್ಕದಲ್ಲಿ ಕೂರ್ಲಿಲ್ಲ."

ಈ ಫೋಟೊಗ್ರಾಫರಿಗೆ ಜನ ಇಟ್ಟಿರುವ ಹೆಸರೇ ಒಂದ್ನಿಮಿಷಣ್ಣ. ಮದುವೆಗೆ ಹೋದ ನಮಗೆಲ್ಲ ಅವರು ಕಾಣುವುದು ವೇದಿಕೆಗೆ ಅಡ್ಡ ನಿಂತ ಒಂದು ಬೆನ್ನಾಗಿ. "ಆಚೆ ಸರಿಯಯ್ಯಾ" ಎಂದು ಗದರಿದ ಬಾಯೇ ವಾರ ಕಳೆದ ಮೇಲೆ "ನನ್ನ ಫೋಟೊ ಎಲ್ಲಿ?" ಎಂದು ಕೇಳುತ್ತದೆ. ನಾಚಿಕೆಯಾಗಬೇಕು. ಆ ಫೋಟೊಗಾಗಿ ಈ ಮನುಷ್ಯ ಎರಡು ದಿನ ಮೊದಲೇ ಬಂದು, ಹೆಂಡತಿಯನ್ನು ಮದುಮಗಳ ಜಾಗದಲ್ಲಿ ಕೂರಿಸಿ, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆಂದು ನೋಡಿ ಹೋಗಿರುತ್ತಾರೆ.

ಈ ಸಲದ ಮದುಮಗಳು ಅವರ ಒಬ್ಬಳೇ ಮಗಳು. ಮದುವೆ ನಾಡಿದ್ದು. ಕ್ಯಾಮೆರಾ ನಾನೇ ಹಿಡಿಯುತ್ತೇನೆ ಎಂದು ಅಪ್ಪನ ಹಟ. ನೀನು ನನ್ನ ಪಕ್ಕ ನಿಲ್ಲಬೇಕು ಎಂದು ಮಗಳ ಹಟ. ಮೂರು ವಾರದಿಂದ ಅಪ್ಪ ಮಗಳ ನಡುವೆ ಮಾತು ಅಷ್ಟಕ್ಕಷ್ಟೆ.

ಏಳೂ ಇಪ್ಪತ್ತಕ್ಕೆ ವೇದಿಕೆಯ ಹಿಂದಿನ ಕಿಟಕಿಯಿಂದ ಬಿಸಿಲು ನೇರ ನುಗ್ಗುತ್ತದೆ. ಹೆಂಡತಿಯ ಮುಖ ಹೆಂಚಿನ ತಳದಂತೆ ಕಪ್ಪಾಗುತ್ತದೆ. ಪರದೆ ಎಳೆಯಿರಿ ಎಂದರೆ ಹಾಲಿನ ಮ್ಯಾನೇಜರ್ ಗೊಣಗುತ್ತಾನೆ: "ಹಾಲ್ ಕಾಣಲ್ಲ ಸಾರ್, ಹೊಸದಾಗಿ ಬಣ್ಣ ಹೊಡ್ಸಿದೀವಿ."

"ಮದುವೆ ನಿನ್ನ ಗೋಡೆಗೇನಪ್ಪಾ? ಎಳಿ," ಅನ್ನುತ್ತಾರೆ ಒಂದ್ನಿಮಿಷಣ್ಣ.

ಉಳಿದ ತಯಾರಿ ನಿನ್ನೆಯೇ ಊಟದ ಮೇಜಿನ ಮೇಲೆ ಮುಗಿದಿದೆ. ಎರಡು ಕ್ಯಾಮೆರಾ, ಎಂಟು ಬ್ಯಾಟರಿ. ಚಾರ್ಜ್ ಆದದ್ದಕ್ಕೆ ರಬ್ಬರ್ ಬ್ಯಾಂಡ್, ಬ್ಯಾಂಡ್ ಇಲ್ಲದಿದ್ದರೆ ಖಾಲಿ. ಹೊಸ ಕಾರ್ಡು ಎಡಜೇಬಿಗೆ, ತುಂಬಿದ್ದು ಗುಂಡಿ ಹಾಕುವ ಬಲಜೇಬಿಗೆ. ಯಾರದೋ ಅಂಚು ಬಿಚ್ಚಿದರೆ ಇರಲಿ ಎಂದು ಸೂಜಿದಾರ. ಕಾಲಿಗೆ ಒಂಬತ್ತು ವರ್ಷದ ಮೆತ್ತನೆ ಅಟ್ಟೆಯ ಬೂಟು.

"ಬೂಟು ಸದ್ದು ಮಾಡಿದ್ರೆ ಜನ ತಿರುಗಿ ನೋಡ್ತಾರೆ. ಕ್ಯಾಮೆರಾ ನೋಡಿದ ಮುಖ ಬೇರೇನೇ ಮುಖ," ಅನ್ನುತ್ತಾರೆ. "ನಾನು ಇದೀನಿ ಅಂತಾನೇ ಗೊತ್ತಾಗ್ಬಾರ್ದು."

ಚೀಲದಲ್ಲಿ ಒಂದು ನೋಟ್‌ಬುಕ್ಕಿದೆ. ಪ್ರತಿ ಮದುವೆಗೆ ಒಂದು ಪುಟ. ಪುಟದ ಕೊನೆಗೆ ಗೆರೆ ಎಳೆದು, ಅದರ ಕೆಳಗೆ 'ಓಡಾಡೋರು' ಎಂದು ಬರೆದಿರುತ್ತದೆ. ಇದು ಶುರುವಾದದ್ದು ಹನ್ನೆರಡು ವರ್ಷದ ಹಿಂದೆ. ಮದುವೆಯಾಗಿ ವರ್ಷ ತುಂಬದ ಹುಡುಗಿಯೊಬ್ಬಳು ಅಂಗಡಿಗೆ ಬಂದು, "ಅಪ್ಪ ಹೋಗ್ಬಿಟ್ರು ಅಂಕಲ್, ಮದುವೇಲಿ ತೆಗ್ದಿದ್ದು ಒಂದು ಕೊಡಿ" ಎಂದಳಂತೆ. ಸಾವಿರದ ಎಂಟುನೂರು ಫೋಟೊ ಜಾಲಾಡಿದರು. ಅಪ್ಪ ಹನ್ನೊಂದರಲ್ಲಿ ಸಿಕ್ಕರು. ಒಂದರಲ್ಲಿ ಬೆನ್ನು, ಒಂದರಲ್ಲಿ ಮೊಣಕೈ, ಒಂದರಲ್ಲಿ ತಲೆಯ ಮೇಲೆ ಕುರ್ಚಿ ಹೊತ್ತು ಓಡುವ ಅರ್ಧ ದೇಹ. ಮುಖ ಒಂದರಲ್ಲೂ ಇರಲಿಲ್ಲ.

"ಆ ಹುಡುಗಿ ಕುರ್ಚಿ ಹೊತ್ತಿದ್ದನ್ನೇ ತಗೊಂಡೋಯ್ತು. ಥ್ಯಾಂಕ್ಸ್ ಬೇರೆ ಹೇಳ್ತು. ಬೈದಿದ್ರೆ ತಡ್ಕೋತಿದ್ದೆ."

ಅಂದಿನಿಂದ ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ, "ನಿಮ್ಮಲ್ಲಿ ಜಾಸ್ತಿ ಓಡಾಡೋರು ಯಾರು?" ಆ ಅಪ್ಪನನ್ನೋ, ಚಿಕ್ಕಮ್ಮನನ್ನೋ ನೆಂಟರು ಬರುವ ಮೊದಲೇ ಕೈಹಿಡಿದು ಕೂರಿಸಿ ಫೋಟೊ ತೆಗೆಯುತ್ತಾರೆ. ಬೈದರೂ ಬಿಡುವುದಿಲ್ಲ.

ಈಗ ಹೆಂಡತಿ ಕುರ್ಚಿಯಿಂದಲೇ ಕೈ ಚಾಚಿ, "ಆ ನೋಟ್‌ಬುಕ್ ಕೊಡ್ರೀ" ಅನ್ನುತ್ತಾರೆ. ಮಗಳ ಪುಟದಲ್ಲಿ ಗೆರೆಯ ಕೆಳಗೆ ಎರಡು ಸಾಲಿದೆ: ಅವಳಮ್ಮ, ಅವಳ ಸೋದರಮಾವ. ಹೆಂಡತಿ ಪೆನ್ನು ತಗೊಂಡು ಮೂರನೆಯ ಸಾಲು ಬರೆದು ನೋಟ್‌ಬುಕ್ಕು ವಾಪಸು ಕೊಡುತ್ತಾರೆ. ಅವಳಪ್ಪ.

ಒಂದ್ನಿಮಿಷಣ್ಣ ಓದುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ಓದುತ್ತಾರೆ. ವರಾಂಡಕ್ಕೆ ಹೋಗಿ, ಪಕ್ಕದ ಬೀದಿಯ ಫೋಟೊಗ್ರಾಫರಿಗೆ ಫೋನ್ ಹಚ್ಚುತ್ತಾರೆ. ನಿಂತವರ ಕಾಲು ಫ್ರೇಮಿನಿಂದ ಕತ್ತರಿಸುತ್ತಾನೆಂದು ಹದಿನೈದು ವರ್ಷದಿಂದ ಒಂದ್ನಿಮಿಷಣ್ಣ ಊರೆಲ್ಲ ಬೈದುಕೊಂಡು ತಿರುಗಿದ್ದು ಅವರನ್ನೇ.

ಒಳಗೆ ಬಂದಾಗ ಹೆಂಡತಿಯ ಕೈಯಲ್ಲಿ ಕ್ಯಾಮೆರಾ ಇದೆ. "ಕೂತ್ಕೊಳ್ಳಿ, ಬೆಳಕು ನೋಡ್ತೀನಿ." ಗಂಡ ಮದುಮಗಳ ಅಪ್ಪ ಕೂರುವ ಕುರ್ಚಿಯಲ್ಲಿ ಕೂರುತ್ತಾರೆ. ಕೈ ತೊಡೆಯ ಮೇಲಿಡುತ್ತಾರೆ, ಕಟ್ಟುತ್ತಾರೆ, ಬಿಚ್ಚುತ್ತಾರೆ.

"ಕೈ ಎಲ್ಲಿಟ್ಕೊಳ್ಳೋದೇ?"

"ಊರಿಗೆಲ್ಲ ಹೇಳಿಕೊಡ್ತೀರಲ್ಲ. ಸುಮ್ನೆ ಬಿಡಿ. ಒಂದ್ನಿಮಿಷ."

ಹೊರಡುವಾಗ ಕೇಳುತ್ತೇನೆ, ನಾಡಿದ್ದು ಏನು ಆಸೆ? ಚೀಲದ ಜಿಪ್ಪು ಎಳೆಯುತ್ತಾ ನೆಲ ನೋಡಿಕೊಂಡು ಹೇಳುತ್ತಾರೆ:

"ಪಕ್ಕದ ಬೀದಿಯವನಿಗೆ ಒಂದೇ ಮಾತು ಹೇಳಿದೀನಿ, ಮಗಳ ಪಕ್ಕ ನಿಂತಾಗ ನನ್ನ ಕಾಲು ಕತ್ತರಿಸ್ಬೇಡ ಅಂತ. ಇವಳು ಹೊಸ ಬೂಟು ತಂದಿಟ್ಟಿದಾಳೆ. ನಡೆದ್ರೆ ಕಿರ್ ಕಿರ್ ಅಂತಾವೆ. ಅನ್ಲಿ ಬಿಡಿ."