ವಿಷಲ್ ಊದಿದರೆ

ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ, ಚಾಮರಾಜನಗರದ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬರು ಒಂದು ಕೆಲಸ ಹೇಳಿದರು. ಹರವೆ ಕಡೆಯ ಒಂದು ಹಾಸ್ಟೆಲ್ಲಿನಲ್ಲಿ ಕ್ರೈಸ್ತ ಮಿಷನ್ನಿನವರ ತರಬೇತಿ ಶಿಬಿರ, ಹತ್ತು ದಿನ. ಹಳ್ಳಿಗಳಿಗೆ ಸೇವೆಗೆ ಹೋಗಲು ಒಪ್ಪಿದ ಹುಡುಗ ಹುಡುಗಿಯರು ಬರುತ್ತಾರೆ. ಕಲಿಸುವ ಸಾರ್ ಗುಂಡ್ಲುಪೇಟೆಯಿಂದಾಚೆ, ಕೇರಳದವರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಬೇಕು.

ನನ್ನ ತಾಯಿಗೆ ಅಷ್ಟು ಇಷ್ಟವಿರಲಿಲ್ಲ. ಹೊಲಿಗೆಯ ಅಮ್ಮ ನಕ್ಕುಬಿಟ್ಟರು. "ಇವ್ಳೇನ್ ಪ್ರಾರ್ಥ್ನೆ ಮಾಡ್ಬೇಕಿಲ್ಲ ಕಣವ್ವ. ಅವ್ರ್ ಯೋಳುದ್ನ ಯೋಳುದ್ರಾಯ್ತು."

ಅವರು ಹೇಳಿದ್ದನ್ನು ಹೇಳುವುದು. ನನ್ನ ಕೆಲಸ ಅಷ್ಟೇ ಆಗಿತ್ತು.

ಹಾಸ್ಟೆಲ್ಲಿನ ಹಿಂದೆ ಬೀಳು ಹೊಲ, ಅದರಾಚೆ ಕೆಲಸ ನಿಂತುಹೋದ ಕರಿಕಲ್ಲಿನ ಕ್ವಾರಿ. ನಡುವೆ ಬೇಲಿ ಇರಲಿಲ್ಲ. ಮೊದಲ ದಿನವೇ ಸಾರ್ ಅಲ್ಲಿ ಸುಣ್ಣದ ಪುಡಿಯಿಂದ ಉದ್ದಕ್ಕೆ ಗೆರೆ ಹಾಕಿ, ಅದನ್ನು ದಾಟಬಾರದೆಂದು ನನ್ನಿಂದ ಎರಡು ಸಲ ಹೇಳಿಸಿದರು. ಎಚ್ಚರದ ಮನುಷ್ಯ. ಇದನ್ನು ಈಗ ಬರೆದಿಡಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಬೇರೆ ಮಾತಾಡಿದರು.

ದಿನವೂ ಬೆಳಿಗ್ಗೆ ಪ್ರಾರ್ಥನೆ, ಪಾಠ, ಆಮೇಲೆ ಆ ಹೊಲದಲ್ಲಿ ಆಟ. ಒಟ್ಟಿಗೆ ಕೆಲಸ ಮಾಡಲು ಒಬ್ಬರನ್ನೊಬ್ಬರು ನಂಬಬೇಕು, ಅದಕ್ಕಾಗಿ ಆಟ. ಕೈಕೈ ಹಿಡಿದು ಗಂಟು ಬಿಡಿಸುವುದು, ಒಂದೇ ಹಲಗೆಯ ಮೇಲೆ ಎಂಟು ಜನ ನಿಲ್ಲುವುದು. ಹುಡುಗರು ಬೀಳುತ್ತಿದ್ದರು, ನಗುತ್ತಿದ್ದರು. ಕುದೇರಿನಿಂದ ಬಂದ ಅಕ್ಕತಂಗಿ ಇಬ್ಬರಿದ್ದರು. ತಂಗಿಗೆ ಹದಿನೆಂಟು ಇರಬಹುದು, ಎಲ್ಲದರಲ್ಲೂ ಗೆಲ್ಲಬೇಕು ಅವಳಿಗೆ. ಹಲಗೆಯಿಂದ ಬಿದ್ದ ಹುಡುಗನಿಗೆ "ನಿಂಗ್ ನಿಂತ್ಕಳಕ್ಕೆ ಎಳ್ಡ್ ಎಕ್ರೆ ಬೇಕಾಯ್ತದೆ ಓಗ್ಲಾ" ಅಂದಿದ್ದಳು.

ಐದನೆಯ ದಿನ ಕುರುಬನ ದನಿಯ ಆಟ. ಕುರಿಗಳು ತಮ್ಮ ಕುರುಬನ ದನಿಯನ್ನು ಗುರುತು ಹಿಡಿಯುತ್ತವೆ ಎಂದು ಅವರ ಗ್ರಂಥದಲ್ಲಿದೆಯಂತೆ. ಒಬ್ಬರ ಕಣ್ಣಿಗೆ ಬಟ್ಟೆ. ಜೊತೆಗಾರರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು ಬರೀ "ಬಾ" ಎನ್ನಬೇಕು, ತಿರುಗಿ ನೋಡುವಂತಿಲ್ಲ. ಉಳಿದವರೆಲ್ಲ ಸುತ್ತ ನಿಂತು ದಾರಿ ತಪ್ಪಿಸಲು ಕೂಗಬೇಕು: ಗುಂಡಿ, ನಿಲ್ಲು, ಹಾವು, ಎಡಕ್ಕೆ ತಿರುಗು. ಏನು ಕೇಳಿದರೂ ನಂಬದೆ ತನ್ನ ಜೊತೆಗಾರರ ದನಿಯ ಕಡೆಗೇ ನಡೆಯಬೇಕು.

ಇಷ್ಟನ್ನೂ ನಾನು ಕನ್ನಡದಲ್ಲಿ ಹೇಳಿದೆ, ಹೇಳುವಾಗ ಖುಷಿಯೂ ಆಯಿತು. ಅಷ್ಟರಲ್ಲಿ ಅಡುಗೆಯ ಅಜ್ಜಿ ಟೀ ತಂದಳು. "ದೇವ್ರು ಎಳ್ಡ್ ಕಣ್ ಕೊಟ್ಟವ್ನೆ, ಅದುಕ್ಕೂ ಬಟ್ಟೆ ಕಟ್ಕಂಡವಲ್ಲ ಇವು!" ಎಂದಳು. ಎಲ್ಲರೂ ಗೊಳ್ಳೆಂದರು. ಲೋಟಕ್ಕೆ ನೂಕುನುಗ್ಗಲು. ಆ ಗದ್ದಲದಲ್ಲೇ ಸಾರ್ ಕೊನೆಯ ಮಾತು ಹೇಳಿದರು: ತಾವು ವಿಷಲ್ ಊದಿದರೆ ಆಟ ನಿಂತಂತೆ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಬೇಕು. ನನಗೆ ಸ್ಪಷ್ಟವಾಗಿ ಕೇಳಿತು. ಟೀ ಕುಡಿದು ಹೇಳೋಣ ಅಂದುಕೊಂಡೆ.

ಹೇಳಲಿಲ್ಲ.

ತಂಗಿಯ ಸರದಿ ನಾಲ್ಕನೆಯದು. ಅಕ್ಕ ದೂರದಲ್ಲಿ ಬೆನ್ನು ತಿರುಗಿಸಿ ನಿಂತು "ಬಾ, ಬಾ" ಎನ್ನತೊಡಗಿದಳು. ಮೊದಲ ಇಪ್ಪತ್ತು ಹೆಜ್ಜೆ ನೇರ. ಆಮೇಲೆ ತಂಗಿ ಸ್ವಲ್ಪ ಸ್ವಲ್ಪವೇ ಎಡಕ್ಕೆ ವಾಲಿದಳು. ಕ್ವಾರಿಯ ಕಡಿದ ಬಂಡೆಗೆ ಬಡಿದು ಅಕ್ಕನ ದನಿ ಅತ್ತಲಿಂದಲೂ ಬರುತ್ತಿತ್ತು. ನನಗೂ ಕೇಳುತ್ತಿತ್ತು. ಅದು ಅಪಾಯವೆಂದು ಆಗ ಹೊಳೆಯಲಿಲ್ಲ.

ಅವಳ ಕಾಲು ಸುಣ್ಣದ ಗೆರೆ ತುಳಿಯಿತು. ಸಾರ್ ಓಡುತ್ತಲೇ ವಿಷಲ್ ಊದಿದರು. ಮೂರು ಸಲ. ಅದೂ ಆಟವೆಂದು ತಿಳಿದು ಕೆಲವರು ಇನ್ನೂ ಜೋರಾಗಿ ಕೂಗಿದರು. "ನಿಂತ್ಕೋ, ಗುಂಡಿ!" ಎಂದು ನಾನು ಕಿರುಚಿದೆ. ಆಟ ಶುರುವಾದಾಗಿನಿಂದ ಸುಳ್ಳು ಸುಳ್ಳೇ ಎಲ್ಲರೂ ಕೂಗಿದ ಮಾತು ಅದೇ. ಅವಳ ತುಟಿಯಲ್ಲಿ ನಗು ಕಂಡಿತು, ಮೋಸ ಹೋಗಲ್ಲ ಎನ್ನುವಂಥ ನಗು. ಹೆಜ್ಜೆ ಬಿರುಸಾಯಿತು.

ತಂಗಿ ಕಾಣದಾದ ಮೇಲೂ ಅಕ್ಕ "ಬಾ" ಅನ್ನುತ್ತಿದ್ದಳು. ಎಷ್ಟು ಸಲ ಅಂದಳೋ. ಯಾರೋ ಹೋಗಿ ಅವಳ ಭುಜ ಹಿಡಿದು ತಿರುಗಿಸಿದರು.

ತಂಗಿ ಕ್ವಾರಿಯೊಳಗೆ ಎರಡಾಳು ಆಳದ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದಿದ್ದಳು. ಇನ್ನೂ ಕೆಳಗೆ ನೀರಿತ್ತು. ಹಲಗೆ ಆಟದ ಹಲಗೆಯ ಮೇಲೆಯೇ ಅವಳನ್ನು ಮಲಗಿಸಿ ಮೇಲೆ ತಂದರು. ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ಮಾರನೆಯ ದಿನ ಮಿಷನ್ನಿನ ಹಿರಿಯರು ಸೇರಿದರು. ನಿಲ್ಲಿಸುವ ಗುರುತನ್ನೇ ಹೇಳಿಕೊಡದೆ ಆಡಿಸಿದಿರಾ ಎಂದು ಸಾರನ್ನು ಕೇಳಿದರು. ಹೇಳಿದ್ದೆ ಎಂದರು ಸಾರ್. ಎಲ್ಲರೂ ನನ್ನತ್ತ ತಿರುಗಿದರು.

"ನನಗೆ ನೆನಪಿಲ್ಲ" ಅಂದೆ.

ಸಾರ್ ನನ್ನನ್ನು ನೋಡಿದರು. ಸಂಜೆ ಒಂದು ಚೀಲ ಹಿಡಿದು ಗುಂಡ್ಲುಪೇಟೆ ಬಸ್ಸು ಹತ್ತಿದರು. ಹುಡುಗಿಯ ಕಡೆಯವರು ಬಸ್ಸಿನವರೆಗೂ ಬೈದುಕೊಂಡು ಹೋದರು.

ಎರಡು ವರ್ಷದ ಮೇಲೆ ನಾನು ಕುದೇರಿಗೆ ಹೋದೆ. ಅಷ್ಟು ದಿನ ಯಾಕೆ ಹೋಗಲಿಲ್ಲವೆಂದು ಕೇಳಿದರೆ ಹೆದರಿಕೆ ಎಂಬುದಷ್ಟೇ ಉತ್ತರ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ಒಳೀಕ್ ನಡೀರಿ" ಎಂದಳು. ನಮ್ಮ ಕಡೆ ಯಾರಾದರೂ ಬಂದರೆ ಬಾಯಿಗೆ ಮೊದಲು ಬರುವ ಮಾತು ಅದಲ್ಲ, "ಬನ್ನಿ" ಎಂಬುದು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಗು ಹೊಸಿಲಲ್ಲಿ ನಿಂತಾಗಲೂ ಅವಳು ಕೈ ಸನ್ನೆಯಲ್ಲೇ ಕರೆದಳು.

ತಂಗಿ ಕಿಟಕಿಯ ಪಕ್ಕ ಮಂಚದ ಮೇಲಿದ್ದಳು. "ವಿಸಲ್ಲು ಕೇಳ್ತು ಕಣಕ್ಕ ನಂಗೆ. ಆಟ ಕೆಡ್ಸಕ್ಕೆ ಊದ್ತಾವ್ರೆ ಅನ್ಕಂಡೆ. ಗೆದ್ಬುಟ್ಟೆ ಅನ್ಕಂಡೆ" ಎಂದಳು.

"ನಾನು ಕರುದ್ನಲ್ಲ, ಅದುಕ್ಕೆ ಅತ್ಲಾಗ್ ಓದ್ಲು" ಎಂದಳು ಅಕ್ಕ ಒಲೆಯ ಕಡೆಯಿಂದ. ದಿನವೂ ಹೇಳಿ ಹೇಳಿ ಸವೆದ ಮಾತಿನ ಹಾಗೆ.

ಆಗ ಹೇಳಿದೆ. ಟೀ ಬಂದದ್ದು, ಸಾರ್ ಹೇಳಿದ ಮಾತು, ನಾನು ಬಿಟ್ಟದ್ದು, ಹಿರಿಯರ ಮುಂದೆ ನಾನಂದದ್ದು. ಅಕ್ಕ ಕಾಫಿ ಲೋಟ ಹಿಡಿದು ನಿಂತೇ ಕೇಳಿದಳು. ಆಮೇಲೆ ಲೋಟವನ್ನು ನೆಲಕ್ಕಿಟ್ಟು, ಅಲ್ಲೇ ಗೋಡೆಗೊರಗಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸದ್ದಿರಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು.

ತಂಗಿ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಆ ಸಾರ್ಗೂ ಯೋಳುದ್ರಾ?" ಎಂದಳು.

"ಇಲ್ಲ."

"ಎಲ್ಲವ್ರೆ ಈಗ?"

ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಗುಂಡ್ಲುಪೇಟೆಗೆ ಎರಡು ಸಲ ಹೋಗಿ ವಿಚಾರಿಸಿದೆ. ಕಾಡು ದಾಟಿ ಕೇರಳದ ಕಡೆ ಹೋದರು ಎಂಬುದರಾಚೆ ಯಾರೂ ಏನೂ ಹೇಳಲಿಲ್ಲ.