ಭಾರದವರಿಗೆ ಗಾಲಿ ಕಟ್ಟುವ ಅತ್ತೆ

ಮಾರ್ಚ್ ಒಂಬತ್ತು, ಭಾನುವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಸೈಕಲ್ ಅಂಗಡಿಯ ಮುಂದಿನ ಷಟರ್ ಇನ್ನೂ ಎತ್ತಿಲ್ಲ. ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಹತ್ತಡಿ ಉದ್ದ, ಏಳಡಿ ಅಗಲದ ಆ ಕೋಣೆಯಲ್ಲಿ ಒಂದು ಮರದ ಮೇಜು, ಮೇಜಿಗೆ ಬಿಗಿದ ಕಬ್ಬಿಣದ ಕವೆ, ಕವೆಯ ನಡುವೆ ಟೈರಿಲ್ಲದ ಒಂದು ಗಾಲಿ. ಐವತ್ತೊಂಬತ್ತರ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತು ಆ ಗಾಲಿಯನ್ನು ಒಂದೇ ಬೆರಳಲ್ಲಿ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಒಂದು ಕಡ್ಡಿಯನ್ನು ಉಗುರಿನಿಂದ ಮೀಟುತ್ತಾರೆ. ಟಿಣ್ ಎನ್ನುತ್ತದೆ. ಪಕ್ಕದ್ದನ್ನು ಬಿಟ್ಟು ಅದರಾಚೆಯದನ್ನು ಮೀಟುತ್ತಾರೆ. ಅದೂ ಟಿಣ್ ಎನ್ನುತ್ತದೆ, ಆದರೆ ಕೂದಲೆಳೆಯಷ್ಟು ಕೆಳಗಿನ ಸ್ವರದಲ್ಲಿ.

"ಸೋಮಾರಿ," ಎಂದು ಆ ಕಡ್ಡಿಯನ್ನೇ ಗದರುತ್ತಾರೆ. "ಪಕ್ಕದವನು ದುಡೀತಾನೆ, ನೀನು ನೋಡ್ಕೊಂಡು ಕೂತಿರ್ತೀಯ." ಪುಟ್ಟ ಕೀಲಿಯಿಂದ ಕಾಲು ಸುತ್ತು ಬಿಗಿಯುತ್ತಾರೆ. ಮತ್ತೆ ಮೀಟುತ್ತಾರೆ.

ಏಳು ಗಂಟೆಗೆ ಈ ಗಾಲಿಯ ಒಡೆಯ ಬರುತ್ತಾರೆ. ಹದಿನಾಲ್ಕು ತಿಂಗಳ ಹಿಂದೆ ಇದೇ ಕೈ ಕಟ್ಟಿದ ಗಾಲಿ ಮುರಿದು, ಇಳಿಜಾರಿನ ತಿರುವಿನಲ್ಲಿ ಬಿದ್ದು ಕೊರಳೆಲುಬು ಒಡೆದುಕೊಂಡವರು ಅವರು. ಅಲ್ಲಿಂದೀಚೆಗೆ ಸೈಕಲ್ ಹತ್ತಿಲ್ಲ. ಇವತ್ತಾದರೂ ಹತ್ತುತ್ತಾರೋ ಇಲ್ಲವೋ, ಗೊತ್ತಿಲ್ಲ. ಈ ಹೆಂಗಸು ನಾಲ್ಕೂವರೆಗೇ ಎದ್ದು ಬಂದಿರುವುದು ಅದಕ್ಕೇ.

ಇವರನ್ನು ಎಲ್ಲರೂ ಕರೆಯುವುದು ಅತ್ತೆ ಎಂದು. ಅಂಗಡಿಯ ಯಜಮಾನ ಇವರ ಅಣ್ಣನ ಮಗ, ಅಂದರೆ ಸೋದರಳಿಯ. ಅವನು ಅಂಗಡಿಯ ಮುಂಭಾಗದಿಂದ "ಅತ್ತೇ" ಎಂದು ಕೂಗಿ ಕೂಗಿ ಗಿರಾಕಿಗಳಿಗೂ ಅದೇ ಬಾಯಿಗೆ ಬಂದಿದೆ. ಎಪ್ಪತ್ತು ದಾಟಿದ ನಿವೃತ್ತ ಗಣಿತ ಮೇಷ್ಟ್ರೊಬ್ಬರೂ ಅತ್ತೆ ಎಂದೇ ಕರೆಯುತ್ತಾರೆ. "ಇವ್ರಿಗೆ ಹೆಣ್ಣು ಕೊಟ್ಟಿದ್ರೆ ನಾನು ಯಾವ ವಯಸ್ಸಲ್ಲಿ ಹೆತ್ತಿರ್ಬೇಕು, ಲೆಕ್ಕ ಹಾಕಿ ಅಂದೆ. ಲೆಕ್ಕದ ಮೇಷ್ಟ್ರು, ನಿಜವಾಗ್ಲೂ ಹಾಕಕ್ಕೆ ಕೂತ್ರು," ಎಂದು ನಗುತ್ತಾರೆ.

ಅತ್ತೆಯ ಮೊದಲ ಕಸುಬು ಗಾಲಿಯದಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಹದಿಮೂರು ವರ್ಷ ಒಂದು ಕಾರ್ಖಾನೆಯಲ್ಲಿ ಬ್ಯಾಡ್ಮಿಂಟನ್ ರಾಕೆಟ್ಟುಗಳಿಗೆ ದಾರ ಬಿಗಿಯುತ್ತಿದ್ದರು. ಕಾರ್ಖಾನೆ ಮುಚ್ಚಿದ ವರ್ಷವೇ ಅಣ್ಣನ ಕಣ್ಣು ಮಂಜಾಗತೊಡಗಿತು. ಗಾಲಿ ಕಟ್ಟುವ ಕೆಲಸ ಅಣ್ಣನದು. ಸಣ್ಣ ಅಲುಗಾಟ ಕಾಣದವನಿಗೆ ಆ ಕೆಲಸ ಸಾಗದು. "ಅಣ್ಣ ಕರೆದು ಕೂರಿಸಿದ. ಅದೂ ಬಿಗಿಯೋದು, ಇದೂ ಬಿಗಿಯೋದು, ಅಲ್ಲಿ ದಾರ, ಇಲ್ಲಿ ಕಡ್ಡಿ ಅಂದ. ಮೊದಲನೇ ಗಾಲಿ ಕಟ್ಟಕ್ಕೆ ಎರಡು ದಿನ ಹಿಡೀತು. ಮೊಟ್ಟೆ ತರ ಇತ್ತು. ಅಣ್ಣ ಕೈಯಲ್ಲಿ ಸವರಿ ನೋಡಿ, ಚೆನ್ನಾಗಿದೆ, ಕೋಳಿ ಎಲ್ಲಿ ಅಂದ."

ಇದು ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಈಗ ದಿನಕ್ಕೆ ಎರಡು ಹೊಸ ಗಾಲಿ ಕಟ್ಟುತ್ತಾರೆ, ಆರೇಳು ಹಳೆಯದರ ಸೊಟ್ಟ ತೆಗೆಯುತ್ತಾರೆ. ಒಂದು ಗಾಲಿಗೆ ಮೂವತ್ತಾರು ಕಡ್ಡಿಯಾದರೆ, ಪ್ರತಿ ಕಡ್ಡಿಯ ತುದಿಯ ತಿರುಪನ್ನು ಒಂಬತ್ತು ಸಲವಾದರೂ ಮುಟ್ಟಬೇಕು. ಅಲ್ಲಿಗೆ ಒಂದೇ ಗಾಲಿಗೆ ಕೀಲಿ ಮುನ್ನೂರಿಪ್ಪತ್ತನಾಲ್ಕು ಸಲ ತಿರುಗುತ್ತದೆ. ಇದನ್ನೆಲ್ಲ ಲೆಕ್ಕ ಇಟ್ಟಿರುವುದು ಇವರ ಬಲಗೈ ಹೆಬ್ಬೆರಳಿನ ಬುಡ. ಚಳಿಗಾಲದ ಬೆಳಗ್ಗೆ ಅದು ಬಾಗುವುದಿಲ್ಲ. ಬಿಸಿನೀರಿನ ಲೋಟವನ್ನು ಹತ್ತು ನಿಮಿಷ ಹಿಡಿದುಕೊಂಡೇ ಕೆಲಸಕ್ಕೆ ಕೂರುತ್ತಾರೆ. "ಮನೇಲಿ ಡಬ್ಬಿ ಮುಚ್ಚಳ ತೆಗ್ಯಕ್ಕೆ ಆಗಲ್ಲ, ನಮ್ಮ ಮನೆಯವ್ರೇ ತೆಗೀಬೇಕು. ಇದೇ ಕೈಯಲ್ಲಿ ಗಾಲಿ ಹೆಂಗೆ ಕಟ್ತೀಯ ಅಂತ ಅವ್ರಿಗೆ ಅನುಮಾನ. ಕೆಲಸ ತಪ್ಪಿಸ್ಕೊಳ್ಳಕ್ಕೆ ನಾಟಕ ಅಂತಾರೆ."

ಅಂಗಡಿಗೆ ಬಂದವರು ಇವರನ್ನು ದಾಟಿ ಒಳಗೆ ಇಣುಕಿ "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುವುದು ಈಗಲೂ ಇದೆ. ಅತ್ತೆ ಕೆಲಸ ನಿಲ್ಲಿಸದೆ "ಬರ್ತಾನೆ, ಕೂತ್ಕೊಳ್ಳಿ" ಎನ್ನುತ್ತಾರೆ. ಗಿರಾಕಿ ಕೂತು ಕಾಯುತ್ತಾನೆ. ಗಾಲಿ ಸಿದ್ಧವಾಗಿ ಕೈಗೆ ಬಂದಾಗ ಅವನ ಮುಖ ನೋಡುವುದು ಅಂಗಡಿಯಲ್ಲಿ ಎಲ್ಲರಿಗೂ ಇಷ್ಟದ ಕೆಲಸ.

ಸುತ್ತಲಿನ ಸೈಕಲ್ಲಿನವರಿಗೆ ಅತ್ತೆ ಗೊತ್ತಿರುವುದು ಮುಖ್ಯವಾಗಿ ಒಂದು ಕಾರಣಕ್ಕೆ: ಮೈಭಾರ ಹೆಚ್ಚಿರುವವರು ರೇಸ್ ಮಾದರಿಯ ತೆಳು ಸೈಕಲ್ ಓಡಿಸಬೇಕೆಂದರೆ ಇವರ ಹತ್ತಿರ ಬರುತ್ತಾರೆ. ಕಾರ್ಖಾನೆಯ ಗಾಲಿ ಎಪ್ಪತ್ತು, ಎಂಬತ್ತು ಕಿಲೋದ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದದ್ದು. ಇಪ್ಪತ್ತೋ ಇಪ್ಪತ್ತನಾಲ್ಕೋ ಕಡ್ಡಿ, ಬೆರಳಗಲದ ಟೈರು. ಅದರ ಮೇಲೆ ನೂರಿಪ್ಪತ್ತು ಕಿಲೋ ಕೂತರೆ ಏನಾಗುತ್ತದೆ ಎಂಬುದನ್ನು ಅತ್ತೆ ಬಾಯಲ್ಲಿ ಹೇಳುವುದಿಲ್ಲ. ಗಾಲಿಯನ್ನು ನೆಲಕ್ಕೆ ನಿಲ್ಲಿಸಿ ಮೇಲಿಂದ ಒತ್ತುತ್ತಾರೆ, ಕೆಳಗಿನ ಕಡ್ಡಿಯನ್ನು ಮೀಟಲು ಹೇಳುತ್ತಾರೆ. ಸ್ವರ ಇಳಿದಿರುತ್ತದೆ. ಕೆಳಗೆ ಬಂದ ಕಡ್ಡಿಗಳ ಬಿಗಿ ಪ್ರತಿ ಸುತ್ತಿನಲ್ಲೂ ಹೀಗೆ ಸಡಿಲಾಗಿ, ಮೇಲೆ ಹೋದಾಗ ಮರಳುತ್ತದೆ. ಕಿಲೋಮೀಟರಿಗೆ ಸುಮಾರು ನಾನೂರ ಅರವತ್ತು ಸುತ್ತು. ಇಪ್ಪತ್ತೆರಡು ಕಿಲೋಮೀಟರ್ ಓಡಿದರೆ ಪ್ರತಿ ಕಡ್ಡಿಗೂ ದಿನಕ್ಕೆ ಹತ್ತು ಸಾವಿರ ಸಲ ಈ ಎಳೆದಾಟ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದೂ ಇದೇ ರೀತಿಯಲ್ಲೇ.

"ಅದಕ್ಕೇ ಭಾರದವ್ರಿಗೆ ಕಡ್ಡಿ ಜಾಸ್ತಿ ಬೇಕು, ಎಲ್ಲಾನೂ ಒಂದೇ ಬಿಗಿಯಲ್ಲಿರ್ಬೇಕು. ಹೊರೆ ಹಂಚ್ಕೊಂಡ್ರೆ ಯಾರಿಗೂ ಸುಸ್ತಾಗಲ್ಲ," ಎನ್ನುತ್ತಾರೆ ಅತ್ತೆ.

ಇಷ್ಟೆಲ್ಲ ತಿಳಿದವರ ಕೈಯಿಂದ ಆ ತಪ್ಪು ಹೇಗಾಯಿತು? ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಬೇಕು. ಗಾಲಿಯ ಬಳೆಯ, ಅಂದರೆ ರಿಮ್ಮಿನ ಒಳಮೈಯಲ್ಲಿ, ಟ್ಯೂಬು ಕೂರುವ ಜಾಗದಲ್ಲಿ ಅತ್ತೆ ಸವಾರನ ತೂಕವನ್ನು ಸಣ್ಣದಾಗಿ ಬರೆಯುತ್ತಾರೆ. ಅದರ ಮೇಲೆ ರಬ್ಬರ್ ಪಟ್ಟಿ, ಪಟ್ಟಿಯ ಮೇಲೆ ಟ್ಯೂಬು, ಟೈರು. ಯಾರಿಗೂ ಕಾಣದು. ಮುಂದೆ ರಿಪೇರಿ ಮಾಡುವವರಿಗೆ ಮಾತ್ರ ಗೊತ್ತಾಗುತ್ತದೆ. ಅಣ್ಣನ ಕಾಲದಿಂದ ಬಂದ ಕ್ರಮ ಇದು. ತೂಕ ಎಷ್ಟೆಂದು ಕೇಳುವುದು, ಹೇಳಿದ್ದನ್ನು ಬರೆಯುವುದು.

ಆ ಗಿರಾಕಿ ಲಿಫ್ಟ್ ರಿಪೇರಿ ಮಾಡುವವರು. ತೊಂಬತ್ತೆರಡು ಎಂದರು. ಅತ್ತೆ ನೋಡಿದರು, ಎದುರಿಗಿದ್ದ ಆಳು ತೊಂಬತ್ತೆರಡಕ್ಕೆ ಹೊಂದುತ್ತಿರಲಿಲ್ಲ. ಆದರೆ ಅಂಗಡಿ ತುಂಬ ಜನ, ಅವರ ಜೊತೆಗೆ ಸೈಕಲ್ ಗುಂಪಿನ ನಾಲ್ಕು ಸಣಕಲು ಗೆಳೆಯರು. "ಇನ್ನೊಂದ್ಸಲ ಕೇಳಕ್ಕೆ ನಾಚಿಕೆ ಆಯ್ತು. ಅವ್ರಿಗೆ ಹೇಳಕ್ಕೆ ನಾಚಿಕೆ, ನಂಗೆ ಕೇಳಕ್ಕೆ ನಾಚಿಕೆ. ಇಬ್ರ ನಾಚಿಕೆ ಸೇರಿ ಅವ್ರ ಮೂಳೆ ಮುರೀತು," ಎಂದು ಅತ್ತೆ ತಲೆ ತಗ್ಗಿಸುತ್ತಾರೆ. ತೊಂಬತ್ತೆರಡಕ್ಕೆ ಸರಿಯಾಗಿ ಇಪ್ಪತ್ತೆಂಟು ಕಡ್ಡಿ ಹಾಕಿ ಕಟ್ಟಿದರು. ಅದಕ್ಕೆ ಆ ಗಿರಾಕಿ ಇಪ್ಪತ್ತಮೂರು ಮಿಲಿಮೀಟರ್ ಅಗಲದ ಟೈರು ಹಾಕಿಸಿ, ಭಾರಕ್ಕೆ ಟೈರು ಚಪ್ಪಟೆಯಾದೀತೆಂಬ ಹೆದರಿಕೆಯಿಂದ ಕಲ್ಲಿನಂತಾಗುವವರೆಗೆ ಗಾಳಿ ತುಂಬಿದರು. ರಸ್ತೆಯ ಪ್ರತಿಯೊಂದು ಏಟೂ ನೇರವಾಗಿ ಕಡ್ಡಿಗೆ. ನಾಲ್ಕು ತಿಂಗಳು ತಡೆಯಿತು. ಮುರಿದ ಗಾಲಿ ಮರಳಿ ಬಂದಾಗ ಅತ್ತೆ ಪಟ್ಟಿ ಬಿಚ್ಚಿದರು. ತಮ್ಮದೇ ಅಕ್ಷರದಲ್ಲಿ 92. ಅವರ ಹೆಂಡತಿ ಆಸ್ಪತ್ರೆಯಿಂದ ಫೋನು ಮಾಡಿ ಹೇಳಿದ ತೂಕ 117.

ಮರುವಾರವೇ ಅತ್ತೆ ಮುಚ್ಚಿದ ಪಾರ್ಸಲ್ ಕಚೇರಿಯೊಂದರ ಹಳೆಯ ನೆಲತಕ್ಕಡಿ ತರಿಸಿದರು. ಈಗ ಅದು ಹಿಂದಿನ ಕೋಣೆಯಲ್ಲಿದೆ, ಮುಳ್ಳಿನ ಮುಖ ಗೋಡೆಯ ಕಡೆಗೆ. ನಿಂತವರಿಗೂ ಕಾಣದು, ಬಾಗಿಲಲ್ಲಿರುವವರಿಗೂ ಕಾಣದು. ಗೋಡೆಯ ಪಕ್ಕ ಬಗ್ಗಿ ನೋಡುವ ಅತ್ತೆಗೆ ಮಾತ್ರ. ಯಾರೇ ಬರಲಿ, ತೆಳ್ಳಗಿನವರಿರಲಿ, ದಪ್ಪಗಿನವರಿರಲಿ, ಒಬ್ಬೊಬ್ಬರೇ ಒಳಗೆ ಹೋಗಿ, ಬೂಟು, ಚೀಲ, ನೀರಿನ ಬಾಟಲಿ ಸಮೇತ ನಿಲ್ಲಬೇಕು. ಯಾರಾದರೂ "ನಂದು ಎಂಬತ್ತೈದು" ಎಂದು ಶುರುಮಾಡಿದರೆ ಅತ್ತೆ ತಡೆಯುತ್ತಾರೆ. "ಬಾಯಲ್ಲಿ ಬೇಡ, ಕಾಲಲ್ಲಿ ಹೇಳಿ."

ಕಳೆದ ಸೋಮವಾರ ಲಿಫ್ಟ್‌ನವರು ತಾವಾಗಿಯೇ ಬಂದರು. ಬಸ್ಸಿನಲ್ಲಿ. ಮೊಣಕಾಲು ಹಿಡಿದುಕೊಂಡಿದೆ, ಸೈಕಲ್ಲೇ ಒಳ್ಳೆಯದು ಎಂದು ವೈದ್ಯರು ಹೇಳಿದ್ದಾರೆ, ಆದರೆ ಸೀಟಿನ ಮೇಲೆ ಕೂರುವುದನ್ನು ನೆನೆದರೇ ಬೆನ್ನು ಬೆವರುತ್ತದೆ ಎಂದರು. ಅತ್ತೆ ಕೈಯಲ್ಲಿದ್ದ ಕೀಲಿಯನ್ನು ಮೇಜಿನ ಮೇಲಿಟ್ಟರು. ಒಳಗೆ ಕರೆದರು. ಅವರು ಬೆನ್ನಿನ ಚೀಲ ಕೆಳಗಿಟ್ಟು ತಕ್ಕಡಿ ಹತ್ತಿದರು.

"ಚೀಲ?"

"ಅದು ನಂದಲ್ಲ ಅತ್ತೆ, ಕಂಪನಿದು. ಸ್ಪ್ಯಾನರು, ಮೀಟರು."

"ಗಾಲಿಗೆ ಅದು ಕಂಪನಿದು ಅಂತ ಗೊತ್ತಾಗಲ್ವಲ್ಲ. ಹಾಕ್ಕೊಳ್ಳಿ."

ಹಾಕಿಕೊಂಡರು. ಅತ್ತೆ ಬಗ್ಗಿ ನೋಡಿ ಸುಮ್ಮನೆ ಬರೆದುಕೊಳ್ಳಲು ಹೊರಟರು. ಅವರೇ ತಡೆದರು. "ಜೋರಾಗಿ ಹೇಳಿ ಅತ್ತೆ. ಇಪ್ಪತ್ತು ವರ್ಷದಿಂದ ಲಿಫ್ಟ್ ಒಳಗೆ ಇಷ್ಟು ಜನ, ಇಷ್ಟು ಕಿಲೋ ಅಂತ ಬೋರ್ಡ್ ಹಾಕೋನು ನಾನು. ಒಬ್ಬರು ಜಾಸ್ತಿ ಹತ್ತಿದ್ರೆ ಇಳೀರಿ ಅಂತ ಬೈತೀನಿ. ನನ್ನ ಬೋರ್ಡಲ್ಲೇ ಸುಳ್ಳು ಬರ್ಸಿದ್ದೆ."

"ನೂರಿಪ್ಪತ್ತಾರು," ಎಂದರು ಅತ್ತೆ. ಮುಂದೆ ಸೈಕಲ್ ಒರೆಸುತ್ತಿದ್ದ ಅಳಿಯ ಕೇಳಿಯೂ ಕೇಳದವನಂತೆ ಒರೆಸುತ್ತಲೇ ಇದ್ದ.

ಆಮೇಲೆ ಟೈರಿನ ಜಗಳ. ಗುಂಪಿನವರೆಲ್ಲ ಇಪ್ಪತ್ತೈದು ಮಿಲಿಮೀಟರಿನದು ಹಾಕಿದ್ದಾರೆ, ನನಗೂ ಅದೇ ಇರಲಿ ಎಂದು ಅವರು. ಮೂವತ್ತೆರಡಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದು ಇವರು. "ಟ್ರ್ಯಾಕ್ಟರ್ ಅಂತ ಆಡ್ಕೋತಾರೆ." "ಆಡ್ಕೊಳ್ಳಿ. ಅವ್ರು ನಿಮ್ಮ ಹಿಂದೆ ಇರ್ತಾರಾ, ಮುಂದೆ ಇರ್ತಾರಾ?" "ಮುಂದೆ." "ಮತ್ತೆ ನಿಮ್ಮ ಟೈರು ಅವ್ರಿಗೆ ಹೆಂಗೆ ಕಾಣ್ಸುತ್ತೆ?" ನಗುತ್ತಲೇ ಅತ್ತೆ, ಬಿದ್ದಾಗಿನಿಂದ ಅಂಗಡಿಯಲ್ಲೇ ಉಳಿದಿದ್ದ ಅವರ ಸೈಕಲ್ಲಿನ ಹಿಂದಿನ ಕವಲಿನ ನಡುವೆ ಅಳತೆ ಹಿಡಿದರು: ನಲವತ್ತೆರಡು ಮಿಲಿಮೀಟರ್. ಮೂವತ್ತೆರಡರ ಟೈರು ಕೂತರೆ ಎರಡೂ ಬದಿಗೆ ಐದೈದು ಮಿಲಿಮೀಟರ್ ಉಳಿಯುತ್ತದೆ. ಟೈರು ಅಗಲವಾದಷ್ಟೂ ಅದೇ ಭಾರವನ್ನು ಕಡಿಮೆ ಗಾಳಿಯಲ್ಲಿ ಹೊರುತ್ತದೆ. ಹೊಂಡದ ಏಟನ್ನು ಮೊದಲು ರಬ್ಬರು ತಿನ್ನುತ್ತದೆ, ಉಳಿದದ್ದು ಮಾತ್ರ ಕಡ್ಡಿಗೆ. ಹಿಂದಿನದಕ್ಕೆ ಎಂಬತ್ತೈದು ಪೌಂಡು ಗಾಳಿ, ಮುಂದಿನದಕ್ಕೆ ಎಪ್ಪತ್ತು. ಹಿಂದೆ ಮೂವತ್ತಾರು ಕಡ್ಡಿ, ಮುಂದೆ ಮೂವತ್ತೆರಡು. ಬಳೆ ಅಲಂಕಾರವಿಲ್ಲದ, ಅಗಲದ, ಗಟ್ಟಿ ಅಲ್ಯೂಮಿನಿಯಮ್ಮಿನದು. ನೋಡಲು ಚೆಂದವಿಲ್ಲ ಎಂದು ಅಳಿಯನೇ ಹೇಳಿದ. "ಚೆಂದ ಗೋಡೆಗೆ ನೇತುಹಾಕು," ಎಂದರು ಅತ್ತೆ.

ಇಂದಿನ ಬೆಳಗ್ಗೆ ಆರೂವರೆಗೆ ಕೊನೆಯ ಕೆಲಸ ನಡೆಯುತ್ತದೆ. ಅತ್ತೆ ಎರಡೆರಡು ಕಡ್ಡಿಗಳನ್ನು ಜೋಡಿ ಹಿಡಿದು, ಹಲ್ಲು ಕಚ್ಚಿ ಅಂಗೈಯಲ್ಲಿ ಹಿಸುಕುತ್ತಾರೆ. ಬಿಗಿಯುವಾಗ ತಿರುಚಿಕೊಂಡ ಕಡ್ಡಿಗಳು ಚಟ್ ಚಟ್ ಎಂದು ಬಿಚ್ಚಿಕೊಳ್ಳುತ್ತವೆ. ಹಿಸುಕುವುದು, ಮತ್ತೆ ನೇರ ಮಾಡುವುದು, ಮತ್ತೆ ಹಿಸುಕುವುದು. ಯಾವ ಸದ್ದೂ ಬಾರದಾಗ ನಿಲ್ಲಿಸುತ್ತಾರೆ. "ರಸ್ತೆ ಮೇಲೆ ಬಿಚ್ಕೊಳ್ಳೋದಿದ್ರೆ ನನ್ನ ಕೈಯಲ್ಲೇ ಬಿಚ್ಕೊಳ್ಳಲಿ." ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ.

ಏಳಕ್ಕೆ ಐದು ನಿಮಿಷವಿರುವಾಗ ಲಿಫ್ಟ್‌ನವರು ಬರುತ್ತಾರೆ, ಚೀಲ ಹಾಕಿಕೊಂಡೇ. ಗಾಲಿ ಕೂರಿಸಿದ ಸೈಕಲ್ಲನ್ನು ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುತ್ತಾರೆ. ಒಂದು ಕಾಲು ಎತ್ತುತ್ತಾರೆ, ಇಳಿಸುತ್ತಾರೆ. ಅಳಿಯ ಏನೋ ಹೇಳಲು ಬಾಯಿ ತೆರೆದರೆ ಅತ್ತೆ ಕಣ್ಣಲ್ಲೇ ಸುಮ್ಮನಾಗಿಸುತ್ತಾರೆ. ಮೂರು ನಿಮಿಷ ಕಳೆಯುತ್ತದೆ.

"ಆ ಇಳಿಜಾರಿಗೇ ಹೋಗ್ತೀನಿ," ಎನ್ನುತ್ತಾರೆ ಕೊನೆಗೆ. "ಬೇರೆ ಕಡೆ ಹೋದ್ರೆ ಹೋದಂಗಲ್ಲ."

"ಹೋಗ್ಲೇಬೇಕು ಅಂತ ಇಲ್ಲ," ಎನ್ನುತ್ತಾರೆ ಅತ್ತೆ. "ಬೇಡ ಅನ್ಸಿದ್ರೆ ನೂಕ್ಕೊಂಡು ಬನ್ನಿ, ಗಾಲಿ ಬೇಜಾರು ಮಾಡ್ಕೊಳ್ಳಲ್ಲ."

ಅವರು ಹೊರಡುತ್ತಾರೆ. ಹೋಗಿ ಬರಲು ಇಪ್ಪತ್ತೈದು ನಿಮಿಷದ ದಾರಿ. ಏಳೂವರೆಯಾಗುತ್ತದೆ. ಮುಕ್ಕಾಲಾಗುತ್ತದೆ. ಅತ್ತೆ ಬೇರೊಂದು ಗಾಲಿಯನ್ನು ಕವೆಗೆ ಏರಿಸುತ್ತಾರೆ, ಇಳಿಸುತ್ತಾರೆ. ಗುಡಿಸಿದ ನೆಲವನ್ನು ಮತ್ತೆ ಗುಡಿಸುತ್ತಾರೆ. ಅಳಿಯ ಫೋನು ಮಾಡಲೇ ಎಂದರೆ "ಓಡಿಸ್ತಿರೋರಿಗೆ ಫೋನು ಮಾಡ್ತಾರೇನೋ!" ಎಂದು ಸಿಡುಕುತ್ತಾರೆ. ಎಂಟಕ್ಕೆ ಐದು ನಿಮಿಷವಿರುವಾಗ, ಬೀದಿಯ ತುದಿಯಲ್ಲಿ ಅಗಲ ಭುಜದ ಒಂದು ಆಕೃತಿ ಮೂಡುತ್ತದೆ. ನೂಕಿಕೊಂಡು ಬರುತ್ತಿಲ್ಲ. ಕೂತು ಬರುತ್ತಿದೆ.

"ಯಾಕ್ರೀ ಇಷ್ಟು ಹೊತ್ತು?" ಅತ್ತೆಯ ದನಿ ಎಂದಿಗಿಂತ ಜೋರು.

ಲಿಫ್ಟ್‌ನವರಿಗೆ ಏದುಸಿರು. "ಮೊದಲನೇ ಸಲ ಉದ್ದಕ್ಕೂ ಬ್ರೇಕ್ ಹಿಡ್ಕೊಂಡೇ ಇಳಿದೆ ಅತ್ತೆ. ತಿರುವಲ್ಲಿ ಇಳಿದು ನಡೆದೆ. ಅದು ಲೆಕ್ಕಕ್ಕಿಲ್ಲ ಅನ್ನಿಸ್ತು. ಮತ್ತೆ ಮೇಲೆ ಹತ್ತಿ ಇನ್ನೊಂದ್ಸಲ ಇಳಿದೆ. ಈ ಸಲ ಕೂತೇ ತಿರುಗಿಸ್ದೆ."

ಅತ್ತೆ ಸೈಕಲ್ಲನ್ನು ಒಳಗೆ ತೆಗೆದುಕೊಂಡು ಹೋಗಿ, ಹಿಂದಿನ ಗಾಲಿಯನ್ನು ಬಿಚ್ಚಿ ಕವೆಗೆ ಏರಿಸುತ್ತಾರೆ. ಒಂದೊಂದೇ ಕಡ್ಡಿ ಮೀಟುತ್ತಾರೆ, ಮೂವತ್ತಾರೂ. ಲಿಫ್ಟ್‌ನವರು ಬಾಗಿಲಿಗೆ ಒರಗಿ, ನೀರು ಕುಡಿಯುತ್ತ ಕೇಳಿಸಿಕೊಳ್ಳುತ್ತಾರೆ. ಕಟ್ಟಿದ ಗಾಲಿ ತನ್ನ ಹತ್ತಿರ ಮರಳಿ ಬರಬಾರದು, ಅದೊಂದೇ ತನ್ನ ಆಸೆ ಎನ್ನುತ್ತಾರೆ ಅತ್ತೆ, "ಮನುಷ್ಯರು ಬರ್ಲಿ, ಕೂತು ಮಾತಾಡ್ಲಿ, ಗಾಲಿ ಮಾತ್ರ ಬೇಡ." ಅಳತೆಯ ಮುಳ್ಳನ್ನು ಬಳೆಯ ಪಕ್ಕಕ್ಕೆ ತಾಗಿಸಿ, ಒಂದೇ ಬೆರಳಲ್ಲಿ ಗಾಲಿಯನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸುತ್ತಾರೆ.

ಎಡಬಲದ ಒಟ್ಟು ಅಲುಗಾಟ, ಬೆಳಗ್ಗೆ ಹೊರಟಾಗ ಇದ್ದಷ್ಟೇ, 0.2 ಮಿಲಿಮೀಟರ್.