ಅಣ್ಣನ ಪ್ರಶ್ನೆ ಕೇಳಿದ ವೈರಕ್ಕ

ಗುರುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಹಿಂದಿನ ದಿನದ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುತ್ತಿದ್ದಾರೆ. ಮೇಜಿನ ಮೇಲಿನ ಫೋನ್ ಬಡಿದುಕೊಳ್ಳುತ್ತದೆ. ಆ ಕಡೆ ಅತ್ತಿಗೆ.

"ನಿಮ್ಮಣ್ಣ ಎಷ್ಟು ಕೂಗಿದ್ರೂ ಏಳ್ತಿಲ್ಲ ಕಣೇ..."

ಮುಂದಿನದನ್ನು ಅತ್ತಿಗೆ ಹೇಳಲಾರರು. ಹೇಳುವ ಅಗತ್ಯವೂ ಇಲ್ಲ. ಈಕೆ ಅರ್ಧಕ್ಕೆ ನಿಂತಿದ್ದ ಸಾಲನ್ನು ತುಂಬಿ ಮುಗಿಸಿಯೇ ಕುರ್ಚಿಯಿಂದ ಏಳುತ್ತಾರೆ.

ತೀರಿಕೊಂಡ ಅಣ್ಣ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿದ್ದವರು. ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್ ಹಿಡಿದು ಒಬ್ಬೊಬ್ಬರೇ ಒದ್ದಾಡುವವರು ಒಂದೆಡೆ ಸೇರಿದರೆ ಒಬ್ಬರ ಗಂಟನ್ನು ಇನ್ನೊಬ್ಬರು ಬಿಡಿಸಬಹುದೆಂದು, ಗ್ರಂಥಾಲಯದ ಮೇಲ್ಮಹಡಿಯಲ್ಲಿ ತಿಂಗಳಿಗೊಂದು ಶನಿವಾರ ಕೂಟ ಶುರುಮಾಡಿದರು. ಅಲ್ಲಿಗೆ ನರ್ಸ್ ಬರುತ್ತಾರೆ, ಬೀಜ ಪರೀಕ್ಷೆ ಮಾಡುವವರು ಬರುತ್ತಾರೆ, ಬಸ್ ಡಿಪೋದ ಗುಮಾಸ್ತರೂ ಬರುತ್ತಾರೆ. ಮೂವತ್ತು ಕುರ್ಚಿ ಹಾಕಿ, ಪ್ರೊಜೆಕ್ಟರ್ ಜೋಡಿಸಿ, ಎಲ್ಲರ ಲ್ಯಾಪ್‌ಟಾಪಿಗೂ ಕರೆಂಟ್ ಸಿಗುವಂತೆ ವೈರ್ ಎಳೆಯುವುದು ತಂಗಿಯ ಪಾಲು. ಹನ್ನೊಂದು ವರ್ಷಗಳಿಂದ ಮಂಡಿನೋವನ್ನೂ ಲೆಕ್ಕಿಸದೆ, ವೈರಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಆ ಮೆಟ್ಟಿಲು ಹತ್ತುತ್ತಿದ್ದಾರೆ. ಹಾಗಾಗಿ ಕೂಟದವರಿಗೆಲ್ಲ ಅವರು 'ವೈರಕ್ಕ'.

"ಹೆಸರಲ್ಲೇ ವೈರ ಇದೆ ನೋಡಿ, ಯಾರೂ ನನ್ನ ತಂಟೆಗೆ ಬರಲ್ಲ," ಎಂದು ತಾವೇ ನಗುತ್ತಾರೆ.

ಗ್ರಂಥಾಲಯದ್ದೊಂದು ಕಟ್ಟುನಿಟ್ಟಿನ ನಿಯಮವಿದೆ. ಒಂದು ತಿಂಗಳು ಕೂಟ ತಪ್ಪಿದರೂ ಕೋಣೆ ಬೇರೆಯವರ ಪಾಲು. ಸಂಗೀತ ಕಲಿಸುವವರು ಆಗಲೇ ಕಾದು ಕುಳಿತಿದ್ದಾರೆ. ಮೇಷ್ಟ್ರು ಹೋಗಿ ಎರಡೇ ದಿನಕ್ಕೆ ಆ ಶನಿವಾರ ಬಂದಿದೆ. ಡಿಪೋದ ಗುಮಾಸ್ತರು ಫೋನ್ ಮಾಡುತ್ತಾರೆ.

"ಅಕ್ಕಾ, ಈ ಸಲ ಬೇಡ ಬಿಡಿ. ನೋಡಿದೋರು ಏನಂತಾರೆ?"

"ಅನ್ನೋರು ಅಂದ್ಕೊಳ್ಳಲಿ. ಅಣ್ಣನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ. ಕೋಣೆ ಉಳಿಸ್ಕೊಳ್ಳೋಕಾಗತ್ತೆ. ನೀವು ಬನ್ನಿ, ಕುರ್ಚಿ ನಾನು ಹಾಕ್ತೀನಿ."

ಶನಿವಾರ ಬೆಳಗಾಗುವಷ್ಟರಲ್ಲಿ ವೈರಕ್ಕ ಕೋಣೆಯ ಕಸ ಗುಡಿಸಿ, ವೈರುಗಳನ್ನು ಗೋಡೆಯಂಚಿಗೆ ಟೇಪು ಹಚ್ಚಿ ಕೂರಿಸಿದ್ದಾರೆ. ಕಿಟಕಿ ಪಕ್ಕದ ಅಣ್ಣನ ಕುರ್ಚಿಯನ್ನೂ ಎಂದಿನಂತೆ ಹಾಕಿದ್ದಾರೆ. ಹತ್ತೊಂಬತ್ತು ಜನ ಬರುತ್ತಾರೆ. ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ.

ಅಂದು ತನ್ನ ಕೆಲಸ ತೋರಿಸುವ ಸರದಿ ನರ್ಸಿನದು. ಡಯಾಲಿಸಿಸ್ ಟ್ಯೂಬು ಕಟ್ಟಿಕೊಳ್ಳದೆ ಎಷ್ಟು ದಿನ ನಡೆಯುತ್ತದೆ ಎಂಬ ಲೆಕ್ಕ. ಪರದೆಯ ಮೇಲೆ ಗ್ರಾಫಿನ ಗೆರೆ ಬಹಳ ಚೆಂದ ಮೂಡಿದೆ. ನಡುವೆ ತೀರಿಕೊಂಡ ರೋಗಿಗಳ ವಿವರ ಅಪೂರ್ಣವೆಂದು ತೆಗೆದುಹಾಕಿದ್ದೇನೆ ಎಂದು ಆಕೆ ಹೇಳುತ್ತಾಳೆ. ಇಂಥ ಹೊತ್ತಿನಲ್ಲಿ ಮೇಷ್ಟ್ರು ಏನು ಕೇಳುತ್ತಿದ್ದರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಎಲ್ಲರ ಕಣ್ಣೂ ಖಾಲಿ ಕುರ್ಚಿಯತ್ತ ಹೋಗುತ್ತದೆ.

ಪ್ರೊಜೆಕ್ಟರಿನ ಹಿಂದೆ ನಿಂತಿದ್ದ ವೈರಕ್ಕ ಕೇಳುತ್ತಾರೆ: "ತೀರಿಕೊಂಡೋರನ್ನ ಯಾಕಮ್ಮಾ ಅಳಿಸಿದೆ? ಅವರು ಇದ್ದಷ್ಟು ದಿನ ಟ್ಯೂಬು ನಡೆದಿತ್ತಲ್ಲ. ಆ ದಿನಗಳು ಎಲ್ಲಿ ಹೋದ್ವು?"

ಮಾತು ಅಣ್ಣನದು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ನರ್ಸ್ ನಗಲು ಹೋಗಿ ಅತ್ತುಬಿಡುತ್ತಾಳೆ. "ಇದನ್ನ ಕೇಳೋರು ಇನ್ಮೇಲೆ ಯಾರೂ ಇಲ್ಲ ಅಂದ್ಕೊಂಡಿದ್ದೆ ಅಕ್ಕಾ."

"ಮೂಗು ಒರೆಸ್ಕೊಂಡು ಸರಿ ಮಾಡು. ಮಧ್ಯಾಹ್ನ ಕೋಣೆ ಬಿಟ್ಟುಕೊಡಬೇಕು."

ನಾಲ್ಕು ಜನ ಸುತ್ತ ಕುಳಿತು ಅಳಿಸಿದವರನ್ನೆಲ್ಲ ಮತ್ತೆ ಸೇರಿಸುತ್ತಾರೆ, ಒಬ್ಬೊಬ್ಬರನ್ನೂ ಅವರವರು ಇದ್ದ ಕೊನೆಯ ದಿನದವರೆಗೆ. ಗೆರೆ ಮೊದಲಿನಷ್ಟು ಚೆಂದವಿಲ್ಲ. ಆದರೆ ಈಗ ಅದನ್ನು ನಂಬಬಹುದು. ಕೆಳಗಿಳಿಯುವಾಗ ಗುಮಾಸ್ತರು ಗ್ರಂಥಾಲಯದ ಕಚೇರಿಗೆ ಹೋಗಿ ಮುಂದಿನ ತಿಂಗಳಿಗೂ ಕೋಣೆ ಬೇಕೆಂದು ಹೇಳಿ ಬರುತ್ತಾರೆ.

ವೈರಕ್ಕ ವೈರ್ ಸುತ್ತುತ್ತಾ ಹೇಳುತ್ತಾರೆ: "ದೊಡ್ಡ ಆಸೆ ಏನಿಲ್ಲ. ನನ್ನ ಮಂಡಿ ಪೂರ್ತಿ ಕೈಕೊಟ್ಟ ದಿನ ಇನ್ಯಾರಾದ್ರೂ ಇದನ್ನ ಹೆಗಲಿಗೆ ಹಾಕ್ಕೊಂಡ್ರೆ ಸಾಕು."

ತೀರಿಕೊಂಡವರ ಒಂದು ದಿನವನ್ನೂ ಕಳೆಯಬಾರದೆಂದು ಕಲಿಸಿದ ಆ ಮೇಷ್ಟ್ರ ಒಂದೊಂದು ದಿನವನ್ನೂ ಭಗವಂತ ತನ್ನ ಲೆಕ್ಕದಲ್ಲಿ ಇರಿಸಿಕೊಳ್ಳಲಿ. ದಣಿದ ಆ ಜೀವಕ್ಕೆ ತನ್ನ ಪಾದದ ನೆರಳಲ್ಲಿ ನೆಮ್ಮದಿ ಕೊಡಲಿ.